ಆಟಕ್ಕೆ ಕಟ್ಟಳೆ ಬರೆದವರು

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಾಗ ಬಟ್ಟೆಬರೆಯ ಜೊತೆಗೆ ಕಾಗದದ ದೊಡ್ಡದೊಂದು ಕಟ್ಟನ್ನೂ ತಂದಿದ್ದ. “ಮಾವ, ಇದರ ಕನ್ನಡ ಸ್ವಲ್ಪ ತಿದ್ದಿಕೊಡಿ” ಎಂದ. ಕಾದಂಬರಿಯಿರಬೇಕೆಂದು ಹಿಗ್ಗಿದೆ. ಬಿಚ್ಚಿ ನೋಡಿದರೆ ಅದೊಂದು ಆಟದ ಕಟ್ಟಳೆ. ಒಟ್ಟು 140 ಪುಟ. ಪಾಳೆಯಗಾರರ ಕಾಲದ ಒಂದು ಕೋಟೆ, ಒಳಗೆ ಕೆಲವರು, ಹೊರಗೆ ಮುತ್ತಿಗೆ. ನೆನೆದ ಹಗ್ಗ ಹಿಡಿದು ಗೋಡೆ ಏರುವವನಿಗೆ ದಾಳದಲ್ಲಿ ಎಷ್ಟು ಬೀಳಬೇಕು, ಒಣಗಿದ ಹಗ್ಗವಾದರೆ ಎಷ್ಟು ಎಂಬುದಕ್ಕೂ ಪಟ್ಟಿಯಿತ್ತು.

ಈ ಬಗೆಯ ಆಟವನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ಮೇಜಿನ ಸುತ್ತ ನಾಲ್ಕಾರು ಮಂದಿ ಕೂಡುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ. ನಾನು ಹೀಗೆ ಮಾಡುತ್ತೇನೆ, ಹೀಗೆನ್ನುತ್ತೇನೆ ಎಂದು ಬಾಯಲ್ಲಿ ಹೇಳುವುದೇ ಆಟ. ಮಧ್ಯಸ್ಥನೊಬ್ಬ ಲೋಕವನ್ನು ಬಣ್ಣಿಸುತ್ತಾನೆ, ಫಲವನ್ನು ತೀರ್ಮಾನಿಸುತ್ತಾನೆ. ನಮ್ಮ ತಾಳಮದ್ದಲೆಯ ಅರ್ಥಧಾರಿಯೂ ಹೀಗೆಯೇ ಕುಳಿತಲ್ಲಿಂದ ಮಾತು ಕಟ್ಟುತ್ತಾನಷ್ಟೆ. ಆದರೆ ಅಲ್ಲಿ ಕರ್ಣ ಸಾಯುವುದು ಖಂಡಿತ. ಇಲ್ಲಿ ಯಾರು ಸಾಯಬೇಕೆಂಬುದನ್ನು ದಾಳ ಹೇಳಬೇಕು. ಹಾಗಾದರೆ ದಾಳಕ್ಕೆ ಎಷ್ಟು ಬಿಡುವುದು, ಮಧ್ಯಸ್ಥನಿಗೆ ಎಷ್ಟು ಬಿಡುವುದು, ಪುಸ್ತಕದಲ್ಲಿ ಎಷ್ಟು ಬರೆದಿಡುವುದು? ಹುಡುಗನ ಹಗ್ಗದ ಪಟ್ಟಿಯನ್ನು ನೋಡಿದಾಗ ನನಗೆ ತೋರಿದ ಈ ಪ್ರಶ್ನೆಗೆ ಇನ್ನೂರು ವರ್ಷದ ಚರಿತ್ರೆಯಿದೆಯೆಂದು ಆಮೇಲೆ ಓದಿ ತಿಳಿದೆ.

ಕಥೆ ಪ್ರಷ್ಯಾದಲ್ಲಿ ಮೊದಲಾಗುತ್ತದೆ. 1812ರಲ್ಲಿ ರೈಸ್ವಿಟ್ಸ್ ಎಂಬ ಸರದಾರ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂನಿಗೆ ಒಂದು ಯುದ್ಧದಾಟದ ಮೇಜನ್ನು ಅರ್ಪಿಸಿದ. ಗುಡ್ಡ, ಹೊಳೆ, ಊರುಗಳನ್ನು ಬಿಲ್ಲೆಗಳಾಗಿ ಮಾಡಿ, ಬೇಕಾದಂತೆ ಜೋಡಿಸಿಕೊಳ್ಳುವ ಚೆಂದದ ಮೇಜು. ಅದನ್ನು ನಿಜವಾದ ಆಟವಾಗಿಸಿದವನು ಆತನ ಮಗ, ಫಿರಂಗಿ ದಳದ ಲೆಫ್ಟಿನೆಂಟ್. 1824ರಲ್ಲಿ ಅಚ್ಚಾದ ಅವನ ಕಟ್ಟಳೆಯಲ್ಲಿ ಬಿಲ್ಲೆಗಳು ಹೋಗಿ ನಕ್ಷೆ ಬಂತು. ಒಂದು ಸರದಿಯೆಂದರೆ ರಣರಂಗದ ಎರಡು ನಿಮಿಷ. ಗುಂಡಿಗೆ ಎಷ್ಟು ಮಂದಿ ಬಿದ್ದರೆಂಬುದಕ್ಕೆ ದಾಳ ಮತ್ತು ಪಟ್ಟಿ. ಎಲ್ಲಕ್ಕಿಂತ ಮಿಗಿಲಾದುದು ಮಧ್ಯಸ್ಥನ ಸ್ಥಾನ. ಎರಡು ಪಕ್ಷದವರೂ ತಮ್ಮ ಆಜ್ಞೆಯನ್ನು ಬರೆದು ಆತನ ಕೈಗೆ ಕೊಡಬೇಕು. ಶತ್ರುವಿನ ಕಣ್ಣಿಗೆ ಬೀಳುವಷ್ಟನ್ನೇ ಆತ ನಕ್ಷೆಯ ಮೇಲೆ ಇಡುತ್ತಾನೆ. ಸೇನೆಯ ಮುಖ್ಯಾಧಿಕಾರಿ ಮ್ಯೂಫ್ಲಿಂಗ್ ಮೊದಲು ಉದಾಸೀನನಾಗಿ ನೋಡುತ್ತಿದ್ದು, ನೋಡನೋಡುತ್ತ ಕಳೆಯೇರಿ, ಇದು ಬರಿಯ ಆಟವಲ್ಲ, ಯುದ್ಧದ ಶಿಕ್ಷಣ ಎಂದು ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನಂತೆ. ಆದರೆ ಬರೆದವನಿಗೆ ಸುಖವೇನೂ ಸಿಗಲಿಲ್ಲ. ಟೋರ್ಗೌ ಎಂಬ ದೂರದ ಕೋಟೆಗೆ ವರ್ಗವಾಗಿ ಹೋದ; 1827ರಲ್ಲಿ ತನಗೆ ತಾನೇ ಗುಂಡಿಟ್ಟುಕೊಂಡು ಸತ್ತ.

ಆತನ ಪಟ್ಟಿಗಳು ಬೆಳೆಯುತ್ತ ಹೋದುವು. ಸೇನಾಧಿಕಾರಿಗಳಿಗೆ ಬೇಸರವೂ ಬೆಳೆಯಿತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಪ್ರಷ್ಯದ ಸೇನಾನಿ, ಪಟ್ಟಿಯೂ ಬೇಡ, ದಾಳವೂ ಬೇಡ, ಅನುಭವಿಯಾದ ಮಧ್ಯಸ್ಥನ ತೀರ್ಪೇ ಸಾಕು ಎಂದುಬಿಟ್ಟ. ಒಳ್ಳೆಯ ಮಾತೇ. ಮಧ್ಯಸ್ಥ ಮಂಕಾಗಿದ್ದರೆ ಮಾಡುವುದೇನು? ಹೊಸ ಮೇಷ್ಟರ ಕೈಗೆ ಪಠ್ಯಪುಸ್ತಕವಿಲ್ಲದೆ ತರಗತಿಯನ್ನು ಒಪ್ಪಿಸಿದಂತಾಗುತ್ತದೆ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆಯ ಸಿಪಾಯಿಗಳ ಯುದ್ಧಕ್ಕೆ ಕಟ್ಟಳೆ ಬರೆದು ಇದನ್ನೆಲ್ಲ ಮನೆಯ ನೆಲಕ್ಕೆ ಇಳಿಸಿದ. ಅಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಮುಂದಿನ ಘಟ್ಟ ಅಮೆರಿಕದ ಮಿನೆಸೋಟ. ಅಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ಡೇವಿಡ್ ವೆಸ್ಲಿಗೆ ಟಾಟನ್ ಎಂಬ ಸೇನಾಧಿಕಾರಿ 1880ರಲ್ಲಿ ಪ್ರಕಟಿಸಿದ ಯುದ್ಧದಾಟದ ಪುಸ್ತಕ ಕೈಗೆ ಸಿಕ್ಕಿತ್ತು. ಆಟಗಾರ ಏನನ್ನಾದರೂ ಮಾಡಹೊರಡಬಹುದು, ಆಗುಹೋಗನ್ನು ಮಧ್ಯಸ್ಥ ಹೇಳಲಿ ಎಂಬ ತತ್ತ್ವ ಅದರಿಂದ ಬಂದದ್ದು. 1969ರಲ್ಲಿ ವೆಸ್ಲಿ ನೆಪೋಲಿಯನ್ ಕಾಲದ ಕಲ್ಪಿತ ಪಟ್ಟಣವೊಂದನ್ನು ಹೂಡಿ, ಗೆಳೆಯರಿಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟ. ಒಬ್ಬ ಪಟ್ಟಣದ ಅಧ್ಯಕ್ಷ, ಒಬ್ಬ ಬ್ಯಾಂಕಿನವನು, ಒಬ್ಬ ವಿಶ್ವವಿದ್ಯಾನಿಲಯದ ಕುಲಪತಿ. ಯುದ್ಧ ಮೊದಲಾಗಲೇ ಇಲ್ಲ. ಎಲ್ಲರೂ ಗುಂಪುಗುಂಪಾಗಿ ಪಿಸುಗುಟ್ಟತೊಡಗಿದರು, ಸಂಚು ಹೂಡಿದರು. ಇಬ್ಬರು ದ್ವಂದ್ವಯುದ್ಧಕ್ಕೆ ನಿಂತರು. ಅದಕ್ಕೆ ಕಟ್ಟಳೆಯೇ ಇರಲಿಲ್ಲ, ವೆಸ್ಲಿ ಅಲ್ಲಿಯೇ ಒಂದನ್ನು ಹೊಸೆಯಬೇಕಾಯಿತು. ಆಟ ಕೆಟ್ಟಿತೆಂದು ಆತ ಮನೆಗೆ ಹೋದ. ಗೆಳೆಯರು ಮತ್ತೆ ಯಾವಾಗ ಎಂದು ಕೇಳುತ್ತ ಬಂದರು!

ಆ ಗೆಳೆಯರಲ್ಲೊಬ್ಬ ಡೇವ್ ಆರ್ನೆಸನ್. ಈತ 1971ರ ಹೊತ್ತಿಗೆ ರಾಕ್ಷಸರೂ ಮಾಂತ್ರಿಕರೂ ತುಂಬಿದ ‘ಬ್ಲಾಕ್‌ಮೂರ್’ ಎಂಬ ಸೀಮೆಯನ್ನು ಕಟ್ಟಿ, ವಾರದಿಂದ ವಾರಕ್ಕೆ ಅದೇ ಪಾತ್ರಗಳನ್ನು ಆಡಿಸತೊಡಗಿದ. ಹಳೆಯ ಕಟ್ಟಳೆಯಲ್ಲಿ ಸಾಮಾನ್ಯ ಯೋಧ ಒಂದೇ ಪೆಟ್ಟಿಗೆ ಸಾಯುತ್ತಿದ್ದ. ವಾರಗಟ್ಟಲೆ ಸಾಕಿದ ಪಾತ್ರ ಹೀಗೆ ಸತ್ತರೆ ಯಾರು ಸಹಿಸುತ್ತಾರೆ? ನೌಕಾಯುದ್ಧದ ಆಟದಲ್ಲಿ ಹಡಗು ಇಂತಿಷ್ಟು ಪೆಟ್ಟು ತಾಳಿ ಮುಳುಗುತ್ತದಷ್ಟೆ. ಆ ಲೆಕ್ಕವನ್ನು ಮನುಷ್ಯನಿಗೆ ತಂದೆನೆಂದು ಆರ್ನೆಸನ್ ಮುಂದೆ ಹೇಳಿದ್ದಾನೆ. ಇಂದು ಲಕ್ಷಾಂತರ ಹುಡುಗರು ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಪ್ರಾಣದ ಅಂಕಕ್ಕೆ ಇದೇ ಹಿರಿಯಜ್ಜ.

ಆದರೆ ಆರ್ನೆಸನ್ ಬರೆಯುವವನಲ್ಲ, ಆಡಿಸುವವನು. ಬರೆದವನು ವಿಸ್ಕಾನ್ಸಿನ್ನಿನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್. ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಮನೆಯಲ್ಲಿ ಜೋಡು ರಿಪೇರಿ ಮಾಡುತ್ತಿದ್ದ ಸಂಸಾರಸ್ಥ. 1972ರ ಕೊನೆಗೆ ಆರ್ನೆಸನ್ ಆತನ ಊರಿಗೆ ಹೋಗಿ ಆಟ ತೋರಿಸಿ, ಆಮೇಲೆ ಇಪ್ಪತ್ತರ ಆಸುಪಾಸು ಪುಟದ ಟಿಪ್ಪಣಿ ಕಳುಹಿಸಿದ. ಗೈಗ್ಯಾಕ್ಸ್ ಅದನ್ನು ಹಿಗ್ಗಿಸಿ, ತನ್ನದನ್ನೂ ಸೇರಿಸಿ ಮೂರು ಕಿರುಪುಸ್ತಕ ಮಾಡಿದ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಅದು ಬಂತು: 1000 ಪ್ರತಿ, ಪೆಟ್ಟಿಗೆಗೆ 10 ಡಾಲರ್. ನಮ್ಮ ಕೇಶಿರಾಜ ಪೂರ್ವಕವಿಗಳ ಪ್ರಯೋಗವನ್ನು ಮುಂದಿಟ್ಟುಕೊಂಡು ಸೂತ್ರ ಬರೆದಂತೆ ಗೈಗ್ಯಾಕ್ಸ್ ಆರ್ನೆಸನ್ನನ ಆಟವನ್ನು ಸೂತ್ರಕ್ಕೆ ತಂದನೆನ್ನಬಹುದು. ಪ್ರಯೋಗವಿಲ್ಲದೆ ಸೂತ್ರವಿಲ್ಲ, ಸೂತ್ರವಿಲ್ಲದಿದ್ದರೆ ಆ ಆಟ ಮಿನೆಸೋಟದ ನೆಲಮಾಳಿಗೆ ಬಿಟ್ಟು ಹೊರಡುತ್ತಲೂ ಇರಲಿಲ್ಲ. ಈ ಇಬ್ಬರಲ್ಲಿ ಕರ್ತೃ ಯಾರು? ಅಭಿಮಾನಿಗಳು ಇಂದಿಗೂ ಬಡಿದಾಡುತ್ತಾರೆ. ಹೇಳಿಕೇಳಿ ಪುಸ್ತಕದ ಮನುಷ್ಯನಾದ ನಾನು ಗೈಗ್ಯಾಕ್ಸನ ಕಡೆಗೆ ಒಂದು ಕೂದಲೆಳೆಯಷ್ಟು ವಾಲುತ್ತೇನೆ.

ಆತನ ಮುಂದಿನ ನಡತೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಮೊದಲ ಪುಸ್ತಕ ಮುಗಿಯುವುದು ಸಂದೇಹ ಬಂದಲ್ಲಿ ನೀವೇ ನಿರ್ಧರಿಸಿರಿ, ನಿಮ್ಮ ಕಲ್ಪನೆಯ ಕೆಲಸವನ್ನು ನಾವೇಕೆ ಮಾಡಬೇಕು ಎಂಬರ್ಥದ ಮಾತಿನಿಂದ. ಓದುಗರು ಆ ಮಾತನ್ನು ಕೇಳಲಿಲ್ಲ. ಪ್ರಶ್ನೆಗಳ ಪತ್ರ ಬರುತ್ತಲೇ ಇದ್ದುವು. 1977ರಿಂದ 1979ರವರೆಗೆ ಆತ ಮೂರು ದಪ್ಪ ಪುಸ್ತಕಗಳಲ್ಲಿ ಉತ್ತರ ಕೊಟ್ಟ. ಪಾತ್ರಕ್ಕೆ ಯಾವ ರೋಗ ತಗಲಬೇಕೆಂಬುದಕ್ಕೂ ಅಲ್ಲಿ ಪಟ್ಟಿ! ಕಟ್ಟಳೆ ಮೀರಿ ಆಡುವವರು ಆಡುವುದು ತನ್ನ ಆಟವೇ ಅಲ್ಲವೆಂದೂ ಬರೆದ. ಮುಖಪುಟದಲ್ಲಿ ಆರ್ನೆಸನ್ನನ ಹೆಸರಿರಲಿಲ್ಲ. ಆರ್ನೆಸನ್ 1979ರಲ್ಲಿ ಗೌರವಧನಕ್ಕಾಗಿ ನ್ಯಾಯಾಲಯಕ್ಕೆ ಹೋದ, 1981ರಲ್ಲಿ ರಾಜಿಯಾಯಿತು. 1985ರಲ್ಲಿ ಗೈಗ್ಯಾಕ್ಸನೇ ತಾನು ಕಟ್ಟಿದ ಕಂಪನಿಯ ಹಿಡಿತ ಕಳೆದುಕೊಂಡ. 2008ರಲ್ಲಿ ಆತ, 2009ರಲ್ಲಿ ಆರ್ನೆಸನ್ ತೀರಿಕೊಂಡರು.

ಇದನ್ನೆಲ್ಲ ನಮ್ಮ ಹುಡುಗನಿಗೆ ಹೇಳಿ, ಅರ್ಧಕ್ಕರ್ಧ ಹೊಡೆದುಹಾಕು ಎಂದೆ. ಆತ ಮುಖ ಸಣ್ಣದು ಮಾಡಿಕೊಂಡು, “ಮೊದಲು ಒಂದು ಸಲ ಆಡಿ ನೋಡಿ ಮಾವ” ಎಂದ. ರಾತ್ರಿ ಊಟವಾದ ಮೇಲೆ ನಾನು, ನನ್ನ ಹೆಂಡತಿ, ಪಕ್ಕದ ಮನೆಯ ಇಬ್ಬರು ಮಕ್ಕಳು ಕುಳಿತೆವು. ಶತ್ರುಗಳು ಗೋಡೆ ಏರುತ್ತಿದ್ದರು. ಕೋಟೆಯ ಅಡುಗೆಯವಳಾಗಿದ್ದ ನನ್ನ ಹೆಂಡತಿ, “ಒಲೆಯ ಮೇಲೆ ಗಂಜಿ ಕುದಿಯುತ್ತಿರಬೇಕಲ್ಲ, ಅದನ್ನು ಅವರ ತಲೆಯ ಮೇಲೆ ಸುರಿಯುತ್ತೇನೆ” ಎಂದಳು. ಹುಡುಗ ಪುಟ ತಿರುವಿದ. ಮತ್ತೆ ತಿರುವಿದ. ಕಡೆಗೆ ಕಟ್ಟನ್ನು ಪಕ್ಕಕ್ಕಿಟ್ಟು, ಇಪ್ಪತ್ತು ಮುಖದ ದಾಳವನ್ನು ಅವಳ ಕೈಗೆ ಕೊಟ್ಟು, “ಹನ್ನೆರಡು ದಾಟಿದರೆ ಸುಟ್ಟಿತು ಅತ್ತೆ” ಎಂದ. ಹದಿನೇಳು ಬಿತ್ತು. ಮಕ್ಕಳು ಕೂಗಿದ ಕೂಗಿಗೆ ಬೀದಿಯ ನಾಯಿಗಳೆಲ್ಲ ಎದ್ದುವು.

ಬೆಳಗ್ಗೆ ಎದ್ದು ನೋಡುತ್ತೇನೆ, ಹುಡುಗ ಆಗಲೇ ಮೇಜಿಗೆ ಕುಳಿತು 141ನೆಯ ಪುಟ ಬರೆಯುತ್ತಿದ್ದ. ತಲೆಬರಹ: ಬಿಸಿ ಗಂಜಿ.