ಬೈಕಾರ್ಬನೇಟ್ ಜಾಸ್ತಿ ಇತ್ತು, ರಕ್ತ ಮಾತ್ರ ಆಮ್ಲದ ಕಡೆ ವಾಲಿತ್ತು

ಪಿಯುಸಿ ಕೆಮಿಸ್ಟ್ರಿ ಓದಿದವರಿಗೆ ಹೆಂಡರ್ಸನ್–ಹ್ಯಾಸೆಲ್‌ಬಾಲ್ಖ್ ಸಮೀಕರಣ ನೆನಪಿರಬಹುದು. ಬಫರ್ ದ್ರಾವಣದ ಪಿಎಚ್ ಲೆಕ್ಕ ಹಾಕೋ ಸೂತ್ರ. ಬಾಯಿಪಾಠ ಮಾಡ್ತೀವಿ, ಎಕ್ಸಾಮ್ ಬರೀತೀವಿ, ಮರೀತೀವಿ. ಇದೇ ಲೆಕ್ಕ 1952ರಲ್ಲಿ ಒಂದು ಆಸ್ಪತ್ರೆಯಲ್ಲಿ ಜೀವ ಉಳಿಸೋಕೆ ನೆರವಾದ ಕಥೆ ಇವತ್ತು ಹೇಳ್ತೀನಿ.

ಕಥೆ ಶುರುವಾಗೋದು ಬಿಯರ್‌ನಿಂದ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯವರು ಕಟ್ಟಿಸಿದ ಒಂದು ಪ್ರಯೋಗಾಲಯ ಇತ್ತು. ಅಲ್ಲಿನ ರಸಾಯನ ವಿಜ್ಞಾನಿ ಸೊರೆನ್ಸನ್ ಕಿಣ್ವಗಳ ಮೇಲೆ ಕೆಲಸ ಮಾಡ್ತಿದ್ದರು. ಆಮ್ಲೀಯತೆ ಸ್ವಲ್ಪ ಆಚೀಚೆ ಆದರೂ ಕಿಣ್ವಗಳ ಕೆಲಸ ಏರುಪೇರಾಗುತ್ತೆ. ಆದರೆ ನೀರಿನಲ್ಲಿರೋ ಹೈಡ್ರೋಜನ್ ಅಯಾನುಗಳ ಪ್ರಮಾಣವನ್ನ ಪ್ರತಿ ಸಲ 0.0000001 ಅಂತ ಬರೆಯೋದು ಯಾರಿಗೆ ಬೇಕು? 1909ರಲ್ಲಿ ಸೊರೆನ್ಸನ್ ಅದನ್ನ ಬರೀ 7 ಅಂತ ಬರೆಯೋ ದಾರಿ ತೋರಿಸಿದರು. ಅದೇ ಪಿಎಚ್. ಇದರಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತೆ.

ಅದಕ್ಕೆ ಒಂದು ವರ್ಷ ಮೊದಲು, 1908ರಲ್ಲಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಹೆಂಡರ್ಸನ್ ನಮ್ಮ ರಕ್ತದ ಗುಟ್ಟು ಹುಡುಕ್ತಿದ್ದರು. ಅಡುಗೆ ಸೋಡಾ ಗೊತ್ತಲ್ಲ, ಅದು ಸೋಡಿಯಂ ಬೈಕಾರ್ಬನೇಟ್ ಅನ್ನೋ ಲವಣ. ದುರ್ಬಲ ಆಮ್ಲದಿಂದ ಹುಟ್ಟಿದ ಲವಣ ಆದ್ದರಿಂದ ನೀರಿಗೆ ಹಾಕಿದರೆ ನೀರು ಸ್ವಲ್ಪ ಕ್ಷಾರೀಯ ಆಗುತ್ತೆ. ರಕ್ತದಲ್ಲೂ ಬೈಕಾರ್ಬನೇಟ್ ಇದೆ. ಅದರ ಜೊತೆಗೇ ಕಾರ್ಬನ್ ಡೈಆಕ್ಸೈಡ್ ಕರಗಿ ಆಗೋ ಕಾರ್ಬೋನಿಕ್ ಆಮ್ಲವೂ ಇದೆ. ಆಮ್ಲ ಬಂದರೆ ಒಬ್ಬರು ಹಿಡಿದುಕೊಳ್ತಾರೆ, ಕ್ಷಾರ ಬಂದರೆ ಇನ್ನೊಬ್ಬರು. ಹೀಗಾಗಿ ಪಿಎಚ್ ಸುಲಭಕ್ಕೆ ಕದಲಲ್ಲ. ಇದೇ ಬಫರ್. ಹೆಂಡರ್ಸನ್ ಇದರ ಲೆಕ್ಕ ಕೊಟ್ಟರು. 1916ರಲ್ಲಿ ಕೋಪನ್‌ಹೇಗನ್‌ನ ಹ್ಯಾಸೆಲ್‌ಬಾಲ್ಖ್ ಅದನ್ನ ಸೊರೆನ್ಸನ್ ಅವರ ಪಿಎಚ್ ಭಾಷೆಗೆ ತಂದರು.

ಸೂತ್ರ ಮಾತಲ್ಲೇ ಹೇಳ್ತೀನಿ. ಬೈಕಾರ್ಬನೇಟನ್ನ ಕರಗಿದ ಕಾರ್ಬನ್ ಡೈಆಕ್ಸೈಡ್‌ನಿಂದ ಭಾಗಿಸಿ, ಲಾಗ್ ತಗೊಂಡು, 6.1 ಕೂಡಿಸಿ. ಆರೋಗ್ಯವಂತರ ರಕ್ತದಲ್ಲಿ ಒಂದು ಲೀಟರಿಗೆ ಬೈಕಾರ್ಬನೇಟ್ ಸುಮಾರು 24 ಮಿಲಿಮೋಲ್, ಕರಗಿದ ಕಾರ್ಬನ್ ಡೈಆಕ್ಸೈಡ್ 1.2. ಭಾಗಿಸಿದರೆ 20. ಅದರ ಲಾಗ್ 1.3. ಒಟ್ಟು 7.4. ನಿಮ್ಮ ರಕ್ತದ ಪಿಎಚ್ ಈಗ ಹೆಚ್ಚುಕಮ್ಮಿ ಇಷ್ಟೇ ಇರುತ್ತೆ.

ಈಗ 1952ಕ್ಕೆ ಬನ್ನಿ. ಅದೇ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ 50ರವರೆಗೂ ರೋಗಿಗಳು ಬರ್ತಿದ್ದರು. ಕೆಲವರಿಗೆ ಉಸಿರಾಟದ ಸ್ನಾಯುಗಳೇ ನಿಂತುಹೋಗ್ತಿದ್ದವು. ಇಡೀ ಆಸ್ಪತ್ರೆಗೆ ಇದ್ದದ್ದು ಒಂದೇ ದೊಡ್ಡ ಉಸಿರಾಟದ ಯಂತ್ರ, ಎದೆಗೆ ಕಟ್ಟೋ ಆರು ಚಿಕ್ಕ ಯಂತ್ರ. ಮೊದಲ ಮೂರು ವಾರದಲ್ಲಿ ಹೀಗೆ ಉಸಿರಾಟ ಕೆಟ್ಟ 31 ಜನರಲ್ಲಿ 27 ಜನ ತೀರಿಕೊಂಡರು.

ವೈದ್ಯರು ರಕ್ತ ಪರೀಕ್ಷೆ ಮಾಡಿಸ್ತಿದ್ದರು. ಆದರೆ ಅದರಲ್ಲಿ ಸಿಗ್ತಿದ್ದದ್ದು ಬೈಕಾರ್ಬನೇಟೂ ಕಾರ್ಬನ್ ಡೈಆಕ್ಸೈಡೂ ಸೇರಿದ ಒಂದೇ ಸಂಖ್ಯೆ. ಅದು ಜಾಸ್ತಿ ಬರ್ತಿತ್ತು. ಬೈಕಾರ್ಬನೇಟ್ ಜಾಸ್ತಿ ಅಂದ್ರೆ ರಕ್ತ ಕ್ಷಾರೀಯ ಆಗಿದೆ ಅಂದುಕೊಂಡರು.

ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯರನ್ನ ಆಗಸ್ಟ್ 25ರಂದು ಕರೆಸಿದರು. ಅವರು ಹೇಳಿದ್ದು ಉಲ್ಟಾ. ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿಕೊಳ್ತಿದೆ, ರಕ್ತ ಆಮ್ಲೀಯ ಆಗ್ತಿದೆ ಅಂತ.

ಇದನ್ನ ನಾವೇ ಲೆಕ್ಕ ಹಾಕಿ ನೋಡೋಣ. ಕರಗಿದ ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾಗಿ 2.4 ಆಯ್ತು, ಬೈಕಾರ್ಬನೇಟ್ 30ಕ್ಕೆ ಏರಿತು ಅಂದುಕೊಳ್ಳಿ. ಒಟ್ಟು ಸಂಖ್ಯೆ 25.2ರಿಂದ 32.4ಕ್ಕೆ ಹೋಯ್ತು. ಕ್ಷಾರ ಅನ್ನಿಸುತ್ತೆ ಅಲ್ವಾ? ಈಗ 30ನ್ನ 2.4ರಿಂದ ಭಾಗಿಸಿ: 12.5. ಲಾಗ್ 1.1. ಪಿಎಚ್ 7.2. ಬರೀ 0.2 ಇಳೀತು ಅನ್ನಬೇಡಿ, ಹೈಡ್ರೋಜನ್ ಅಯಾನು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿದೆ.

ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ಸಣ್ಣ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಕೈಯಿಂದಲೇ ಉಸಿರು ಕೊಟ್ಟರು. ಸೇರಿಕೊಂಡಿದ್ದ ಕಾರ್ಬನ್ ಡೈಆಕ್ಸೈಡ್ ಇಳೀತು, ಹುಡುಗಿ ಬದುಕಿದಳು. ಅದೇ ಆಸ್ಪತ್ರೆಯ ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಪಿಎಚ್ಚನ್ನೇ ಅಳೆದು, ಸೂತ್ರದಿಂದ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಲೆಕ್ಕ ಕೊಡೋಕೆ ಶುರು ಮಾಡಿದರು.

ಆದರೆ ಅಷ್ಟು ಯಂತ್ರ ಎಲ್ಲಿತ್ತು? ಸುಮಾರು 1,500 ವಿದ್ಯಾರ್ಥಿಗಳು ಬಂದರು. ನಿಮ್ಮದೇ ವಯಸ್ಸಿನವರು. ಪಾಳಿ ಮೇಲೆ, ಹಗಲೂ ರಾತ್ರಿ, ರೋಗಿಯ ಪಕ್ಕ ಕೂತು ಚೀಲ ಒತ್ತಿದರು. ಶೇ 87ರಷ್ಟಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳೀತು. ಇವತ್ತಿನ ಐಸಿಯು ಬೆಳೆದದ್ದು ಈ ಅನುಭವದಿಂದ.

ಈ ಕಥೆಯಲ್ಲಿ ನನ್ನನ್ನ ಕಾಡೋದು ಆ 27 ಜನ. ಸೂತ್ರ ಅದೇ ಊರಲ್ಲಿ 36 ವರ್ಷದಿಂದ ಇತ್ತು. ಭಾಗಾಕಾರದ ಕೆಳಗಿನ ಸಂಖ್ಯೆಯನ್ನ ಯಾರೂ ಕೇಳಿರಲಿಲ್ಲ.

ಈಗ ಐಸಿಯುನಲ್ಲಿ ರಕ್ತದ ಅನಿಲಗಳ ರಿಪೋರ್ಟ್ ಬಂದಾಗ ಯಂತ್ರ ಪಿಎಚ್ಚನ್ನೂ ಕಾರ್ಬನ್ ಡೈಆಕ್ಸೈಡನ್ನೂ ಅಳೆಯುತ್ತೆ. ಬೈಕಾರ್ಬನೇಟನ್ನ ಇದೇ ಸೂತ್ರದಿಂದ ಲೆಕ್ಕ ಹಾಕಿ ಬರೆಯುತ್ತೆ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ.