ರೂಟರ್‌ಗಳ ದೂರ ನಿರ್ವಹಣಾ ತಂತ್ರಾಂಶದಲ್ಲಿನ ದೋಷ: 2023ರ ಸಿಸ್ಕೊ ಐಒಎಸ್ ಎಕ್ಸ್‌ಇ ಪ್ರಕರಣ

ಕಚೇರಿ, ಬ್ಯಾಂಕು, ಸೇವಾ ಕೇಂದ್ರ ಮುಂತಾದೆಡೆ ಗಣಕಯಂತ್ರಗಳನ್ನು ಅಂತರಜಾಲಕ್ಕೆ ಜೋಡಿಸುವ ಸಾಧನವನ್ನು ರೂಟರ್ ಎನ್ನಲಾಗುತ್ತದೆ. ನಿರ್ವಾಹಕರು ಸಾಧನವಿರುವ ಸ್ಥಳಕ್ಕೆ ತೆರಳದೆ, ದೂರದಿಂದಲೇ ಲಾಗಿನ್ ಆಗಿ ಇದರ ನಿರ್ವಹಣೆ ಮಾಡುತ್ತಾರೆ. ಸಿಸ್ಕೊ ಸಂಸ್ಥೆಯ ಐಒಎಸ್ ಎಕ್ಸ್‌ಇ ತಂತ್ರಾಂಶದಲ್ಲಿ ಬಳಕೆದಾರರಿಗೆ 0ಯಿಂದ 15ರವರೆಗೆ ಅಧಿಕಾರ ಮಟ್ಟಗಳಿರುತ್ತವೆ. 1ನೇ ಮಟ್ಟದವರು ಕೆಲವು ವಿವರಗಳನ್ನು ನೋಡಬಹುದಷ್ಟೆ. 15ನೇ ಮಟ್ಟದವರು ಎಲ್ಲವನ್ನೂ ಬದಲಾಯಿಸಬಹುದು. ಕಡತವನ್ನು ಓದುವವರಿಗೂ ಅದರಲ್ಲಿ ಆದೇಶ ಬರೆಯುವವರಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಸದರಿ ತಂತ್ರಾಂಶದ ವೆಬ್ ನಿರ್ವಹಣಾ ಪುಟದಲ್ಲಿ ಗಂಭೀರ ದೋಷವಿರುವುದನ್ನು ಸಿಸ್ಕೊ ಸಂಸ್ಥೆಯು ದಿನಾಂಕ 16.10.2023ರಂದು ಪ್ರಕಟಿಸಿತು. ಸಿವಿಇ-2023-20198 ಎಂಬ ಸಂಖ್ಯೆಯ ಈ ದೋಷಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ ನೀಡಲಾಯಿತು. ಯಾವುದೇ ಗುಪ್ತಪದವಿಲ್ಲದೆ ಹೊರಗಿನವರು 15ನೇ ಮಟ್ಟದ ಹೊಸ ಖಾತೆಯನ್ನು ತಾವೇ ತೆರೆಯಬಹುದಾಗಿತ್ತು. ಬಳಿಕ ಸಿವಿಇ-2023-20273 ಎಂಬ ಎರಡನೆಯ ದೋಷದ ಮೂಲಕ ಸಾಧನದ ಮೂಲ ವ್ಯವಸ್ಥೆಯ ಪೂರ್ಣ ಅಧಿಕಾರ ಪಡೆದು, ಅದರೊಳಗೆ ದುರುದ್ದೇಶದ ತಂತ್ರಾಂಶವನ್ನು ಇರಿಸಲಾಗುತ್ತಿತ್ತು. ಪ್ರಕಟಣೆಗೆ ಸುಮಾರು ಒಂದು ತಿಂಗಳು ಮೊದಲೇ, ಅಂದರೆ 18.09.2023ರಷ್ಟು ಹಿಂದೆಯೇ, ಇಂತಹ ಚಟುವಟಿಕೆ ನಡೆದಿದ್ದುದು ತನಿಖೆಯಿಂದ ತಿಳಿದುಬಂದಿತು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸಾಧನವನ್ನು ಮರುಚಾಲನೆ ಮಾಡಿದರೆ ದುರುದ್ದೇಶದ ತಂತ್ರಾಂಶವು ಅಳಿಸಿಹೋಗುತ್ತದೆ, ಆದರೆ ಅಕ್ರಮವಾಗಿ ತೆರೆದ ಖಾತೆಯು ಹಾಗೆಯೇ ಉಳಿಯುತ್ತದೆ. ಆದುದರಿಂದ "ಒಮ್ಮೆ ಆಫ್ ಮಾಡಿ ಆನ್ ಮಾಡಲಾಗಿದೆ" ಎಂಬ ವರದಿಯನ್ನು ಪರಿಹಾರವೆಂದು ಪರಿಗಣಿಸುವಂತಿಲ್ಲ. ಪತ್ತೆಯಾದ ಖಾತೆಗಳಿಗೆ "ಸಿಸ್ಕೊ_ಸಪೋರ್ಟ್", "ಸಿಸ್ಕೊ_ಟ್ಯಾಕ್_ಅಡ್ಮಿನ್" ಎಂಬಂತಹ ಹೆಸರುಗಳಿದ್ದವು. ತಯಾರಕ ಸಂಸ್ಥೆಯದೇ ಖಾತೆ ಇರಬಹುದೆಂದು ಭಾವಿಸಿ ಸಿಬ್ಬಂದಿ ಸುಮ್ಮನಾಗುವ ಸಂಭವವೇ ಹೆಚ್ಚು.

ನಿರ್ವಾಹಕರು ಕೈಗೊಳ್ಳಬೇಕಾದ ಕ್ರಮ: ಬಳಕೆದಾರರ ಪಟ್ಟಿಯನ್ನು ಪರಿಶೀಲಿಸಿ, ಯಾರು ತೆರೆದರೆಂಬ ದಾಖಲೆಯಿಲ್ಲದ ಖಾತೆಗಳ ಬಗ್ಗೆ ವಿಚಾರಣೆ ನಡೆಸತಕ್ಕದ್ದು. ಅಗತ್ಯವಿಲ್ಲದಿದ್ದಲ್ಲಿ ವೆಬ್ ನಿರ್ವಹಣಾ ಪುಟವನ್ನು ಸ್ಥಗಿತಗೊಳಿಸತಕ್ಕದ್ದು. ಅಗತ್ಯವಿದ್ದಲ್ಲಿ ಹೊರಗಿನ ಅಂತರಜಾಲದಿಂದ ಅದು ತೆರೆಯದಂತೆ ನಿರ್ಬಂಧಿಸತಕ್ಕದ್ದು. ಸರಿಪಡಿಸಿದ ಆವೃತ್ತಿಗಳು 22.10.2023ರಿಂದ ಬಿಡುಗಡೆಯಾಗಿದ್ದು, ಅವುಗಳನ್ನು ಅಳವಡಿಸತಕ್ಕದ್ದು. ಇಂತಹ ಅಕ್ರಮ ಪ್ರವೇಶವು ಕಂಡುಬಂದ 6 ಗಂಟೆಗಳೊಳಗೆ ಸಂಸ್ಥೆಗಳು ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 28.04.2022ರ ನಿರ್ದೇಶನದಲ್ಲಿ ವಿಧಿಸಲಾಗಿದೆ.

ಮನೆಗಳಲ್ಲಿ ಬಳಸುವ ಸಾಮಾನ್ಯ ವೈ-ಫೈ ರೂಟರ್‌ಗಳಲ್ಲಿ ಈ ತಂತ್ರಾಂಶ ಇರುವುದಿಲ್ಲ. ಆದರೆ ಸೇವಾ ಕೇಂದ್ರ ಅಥವಾ ಸೈಬರ್ ಕೆಫೆಯಿಂದ ಅರ್ಜಿ ಸಲ್ಲಿಸುವ ನಾಗರಿಕರಿಗೆ ಅಲ್ಲಿನ ರೂಟರ್ ಯಾರ ಹಿಡಿತದಲ್ಲಿದೆ ಎಂಬುದು ತಿಳಿಯುವುದಿಲ್ಲ. ರೂಟರ್ ವಶಪಡಿಸಿಕೊಂಡವರು ಅರ್ಜಿದಾರರನ್ನು ನಕಲಿ ಪುಟಕ್ಕೆ ಕಳುಹಿಸಬಲ್ಲರು. ಅರ್ಜಿ ತುಂಬುವಾಗ ಭದ್ರತಾ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಬಂದಲ್ಲಿ ಮುಂದುವರಿಯದೆ, ಆಧಾರ್ ಸಂಖ್ಯೆ, ಗುಪ್ತಪದ ಅಥವಾ ಒಟಿಪಿಯನ್ನು ನಮೂದಿಸದೆ, ಬೇರೊಂದು ಸಂಪರ್ಕದಿಂದ ಅರ್ಜಿ ಸಲ್ಲಿಸಲು ಕೋರಲಾಗಿದೆ.