ಹೆಸರಿಲ್ಲದವರ ಸ್ಮಾರಕದಲ್ಲಿ ಹೆಣ್ಣುಮಕ್ಕಳ ಲೆಕ್ಕ

ಫೋನಿನಲ್ಲಿ ಯಾವ ಊರಿನ, ಯಾವ ವ್ಯಕ್ತಿಯ ಹೆಸರು ಹುಡುಕಿದರೂ ಮೊದಲ ಸಾಲುಗಳಲ್ಲೇ ವಿಕಿಪೀಡಿಯ ಸಿಗುತ್ತದೆ. ಅದನ್ನು ಬರೆಯುವವರಿಗೆ ಸಂಬಳವಿಲ್ಲ. ಅಂಥವರಿಗಾಗಿ ಪೋಲೆಂಡ್ ದೇಶದಲ್ಲಿ ಒಂದು ಸ್ಮಾರಕವಿದೆ.

ಊರಿನ ಹೆಸರು ಸ್ವುಬಿತ್ಸೆ. ಓಡರ್ ನದಿ ದಾಟಿದರೆ ಜರ್ಮನಿ. 2014ರ ಅಕ್ಟೋಬರ್ 22ರಂದು ಸ್ಮಾರಕ ಅನಾವರಣವಾಯಿತು. ಶಿಲ್ಪಿ ಅರ್ಮೇನಿಯಾ ಮೂಲದ ಮಿಹ್ರಾನ್ ಹಕೋಬ್ಯಾನ್. ನಾಲ್ವರು ಬೆತ್ತಲೆ ಮನುಷ್ಯರು ವಿಕಿಪೀಡಿಯದ ಗೋಳವನ್ನು ಎತ್ತಿ ಹಿಡಿದಿದ್ದಾರೆ. (ವಿಕಿಪೀಡಿಯದ ಲಾಂಛನವನ್ನು ಹಿಗ್ಗಿಸಿ ನೋಡಿ, ಕನ್ನಡದ ‘ವಿ’ ಕೂಡ ಇದೆ.) ಗೌರವ ಸಂದಿರುವುದು ಲೋಕದ ಸಾವಿರಾರು ಅನಾಮಿಕ ಬರಹಗಾರರಿಗೆ. ಕನ್ನಡದಲ್ಲಿ ಬರೆಯುವವರೂ ಅದರಲ್ಲಿ ಸೇರಿದರು.

ಯಾರ ಹೆಸರೂ ಇಲ್ಲದ ಕಡೆ ಎಲ್ಲರೂ ಸಮ ಅನ್ನಿಸುತ್ತದೆ. ನಮಗೆ ತಕರಾರು ಇರುವುದೇ ಅಲ್ಲಿ. 2010ರ ಸುಮಾರಿನ ಸಮೀಕ್ಷೆಯಲ್ಲಿ ವಿಕಿಪೀಡಿಯ ಬರೆಯುವವರ ಪೈಕಿ ಹೆಂಗಸರು ಶೇ. 13ರ ಆಸುಪಾಸು. ಆಮೇಲಿನ ಲೆಕ್ಕಗಳೂ ಅರ್ಧದ ಹತ್ತಿರ ಬಂದಿಲ್ಲ. ಸ್ಮಾರಕ ನೋಡಿದವರಿಗೆ ಇದು ತಿಳಿಯುವುದಿಲ್ಲ.

ಗೋಳದ ಒಳಗಿನ ಕಥೆ ಇನ್ನೂ ಕಷ್ಟ. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ 1985ರಲ್ಲಿ ತಮ್ಮ ಗುರು ಜೆರಾರ್ ಮೂರು ಜೊತೆ ಲೇಸರ್ ಬೆಳಕಿನ ಹೊಸ ವಿಧಾನ ಕಂಡುಹಿಡಿದರು. ಕಣ್ಣಿನ ಆಪರೇಷನ್‌ಗೂ ಅದು ಬಳಕೆಯಾಗುತ್ತದೆ. ಮೂರು ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ 2005ರಿಂದಲೇ ಪುಟವಿತ್ತು. ಡೊನ್ನಾ ಅವರ ಬಗ್ಗೆ ಯಾರೋ ಬರೆದ ಪುಟ 2018ರ ಮೇ ತಿಂಗಳಲ್ಲಿ ತಿರಸ್ಕಾರವಾಯಿತು. ಅಕ್ಟೋಬರ್ 2ರಂದು ಇಬ್ಬರಿಗೂ ನೊಬೆಲ್ ಬಂತು! ಭೌತಶಾಸ್ತ್ರದಲ್ಲಿ ಆ ಬಹುಮಾನ ಪಡೆದ ಮೂರನೇ ಮಹಿಳೆ ಆಕೆ. ಪುಟ ಬಂದದ್ದೂ ಅವತ್ತೇ.

ಪುಟವಿಲ್ಲದ ಹೆಸರು ವಿಕಿಪೀಡಿಯದಲ್ಲಿ ಕೆಂಪಕ್ಷರದಲ್ಲಿ ಕಾಣುತ್ತದೆ. ಅದರಿಂದಲೇ ‘ವಿಮೆನ್ ಇನ್ ರೆಡ್’ ಎಂಬ ಗುಂಪು 2015ರಲ್ಲಿ ಹುಟ್ಟಿತು. ಮಹಿಳೆಯರ ಕೆಂಪು ಹೆಸರುಗಳಿಗೆ ಪುಟ ಬರೆಯುವುದೇ ಕೆಲಸ. ಆಗ ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಪರಿಚಯಗಳಲ್ಲಿ ಹೆಂಗಸರದು ಶೇ. 15ರಷ್ಟಿತ್ತು, ಈಗ ಶೇ. 20ರಷ್ಟಾಗಿದೆ.

ಡೊನ್ನಾ ಪುಟ ತಿರಸ್ಕಾರಕ್ಕೆ ಕೊಟ್ಟ ಕಾರಣ, ಬೇರೆಯವರು ಆಕೆಯ ಬಗ್ಗೆ ಬರೆದ ಆಧಾರ ಸಾಲದು ಎಂದು. ಪತ್ರಿಕೆಯಲ್ಲಿ ಹೆಸರು ಬಾರದಿದ್ದರೆ ಅಲ್ಲಿಯೂ ಇಲ್ಲ. ಇದನ್ನು ಓದುವಾಗ ನಮ್ಮ ವರದಿಗಳೇ ಕಣ್ಮುಂದೆ ಬಂದವು. ವೇದಿಕೆಯಲ್ಲಿ ಕೂತವರ ಹೆಸರನ್ನು ಇನಿಷಿಯಲ್ ಸಮೇತ ಹಾಕುತ್ತೇವೆ. ಬೆಳಗಿನಿಂದ ಓಡಾಡಿ ಕಾರ್ಯಕ್ರಮ ನಡೆಸಿದವರನ್ನು ‘ಸ್ತ್ರೀಶಕ್ತಿ ಸಂಘದ ಸದಸ್ಯೆಯರು ಹಾಜರಿದ್ದರು’ ಎಂದು ಕೊನೆಯ ಸಾಲಿನಲ್ಲಿ ಮುಗಿಸುತ್ತೇವೆ.